ಬಿಟ್ಟಿ ಶನಿವಾರ, ಬಿಟ್ಟಿ ಭಾನುವಾರ

ಹತ್ತೊಂಬತ್ತು ವರ್ಷದಿಂದ ವೂಚ್ ನಗರದ ಈ ಬೀದಿಯಲ್ಲೇ
ಟ್ರಾಮು ಓಡಿಸುತ್ತೇನೆ.
ದಿನಕ್ಕೆ ಹನ್ನೊಂದು ಸಲ
ನನ್ನ ತಲೆಯ ಮೇಲಿನ ಪೆಟ್ಟಿಗೆ ಕೂಗುತ್ತದೆ:
ಮುಂದಿನ ನಿಲ್ದಾಣ, ಮ್ಯೂಸಿಯಂ.
ಬಾಗಿಲು ತೆರೆಯುತ್ತೇನೆ. ಮುಚ್ಚುತ್ತೇನೆ.
ಒಳಗೇನಿದೆ ಎಂದು ಯಾರಾದರೂ ಕೇಳಿದರೆ
ಹಳೆಯದು, ಅಂತಷ್ಟೇ ಗೊತ್ತಿತ್ತು.

ಈ ವಾರ ಎರಡು ದಿನ
ಬಡಾವಣೆಯ ಆರೂ ಪುಟ್ಟ ಮ್ಯೂಸಿಯಮ್ಮಿಗೆ ದುಡ್ಡಿಲ್ಲ.
ಆರಕ್ಕೂ ಮುದ್ರೆ ಒತ್ತಿಸಿಕೊಂಡವರಿಗೆ
ಎಣ್ಣೆಯಲ್ಲಿ ಕರಿದು ಗುಲಾಬಿ ಜಾಮು ತುಂಬಿದ ಒಂದು ಪೊಂಚೆಕ್.
ಮೂರನೇ ಮಹಡಿಯ ಗೆನೊವೇಫಾ ಅಜ್ಜಿಗೆ ಎಂಬತ್ತೊಂದು,
ಬಾಗಿಲು ಒಡೆದುಹೋಗುವಂತೆ ಬಡಿದರೂ ಕೇಳದು;
ಪೊಂಚೆಕ್ ಅಂದದ್ದು ಮಾತ್ರ ಕೇಳಿಸಿತು.
ಟೊಪ್ಪಿಗೆ ಇಟ್ಟುಕೊಂಡು ಹೊರಟಳು.

ಬೆಂಕಿಪೊಟ್ಟಣದ ಮ್ಯೂಸಿಯಮ್ಮು ಒಂದೇ ಕೋಣೆ.
ಮಾಲೀಕ ಝೆನೊನ್ ಸಿಗರೇಟು ಬಿಟ್ಟು ಇಪ್ಪತ್ತು ವರ್ಷ,
"ಆಮೇಲೇ ಕೂಡಿಡೋದು ಶುರುವಾದದ್ದು" ಅಂದ.
ನಾಲ್ಕು ಸಾವಿರ ಪೊಟ್ಟಣ, ಒಂದರಲ್ಲೂ ಕಡ್ಡಿಯಿಲ್ಲ,
ಆದರೂ ಗೋಡೆಗೆ ಎರಡು ಅಗ್ನಿಶಾಮಕ.

ಬೀಗದಕೈಯ ಮ್ಯೂಸಿಯಮ್ಮಿನಲ್ಲಿ
ಕೆಡವಿದ ಮನೆಗಳ ಕೀಲಿಗಳು ನೇತಾಡುತ್ತಿದ್ದವು,
ಬೀದಿ, ನಂಬರು, ಮಹಡಿ ಬರೆದ ಚೀಟಿ ಕಟ್ಟಿಸಿಕೊಂಡು.
ಹುಡುಗನೊಬ್ಬ ಕೇಳಿದ: ಒಂದು ವೇಳೆ ಬಾಗಿಲು ಸಿಕ್ಕರೆ?
ಗೈಡು ಹುಡುಗಿ ಮೊದಲು ನಕ್ಕಳು,
ಆಮೇಲೆ ಕೈಯಲ್ಲಿದ್ದ ಹಾಳೆಯಲ್ಲಿ ಉತ್ತರ ಹುಡುಕಿದಳು.
ಆ ವಿಳಾಸಗಳನ್ನೆಲ್ಲ ನಾನು ಬಲ್ಲೆ.
ಅಲ್ಲೀಗ ನನ್ನ ಟ್ರಾಮು ತಿರುಗಿಕೊಳ್ಳುತ್ತದೆ.

ಕ್ಷೌರದ ಮ್ಯೂಸಿಯಮ್ಮಿನ ಸಾಲು ಬೀದಿ ದಾಟಿತ್ತು.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.
ಕಾಲು ನೋವೆಂದು ಮನೆಗೆ ಬಂದೆವು.

ಭಾನುವಾರ ಗಿರಣಿ.
ಅಜ್ಜಿ ದುಡಿದದ್ದು ಇಲ್ಲೇ, ಮೂವತ್ತೊಂದು ವರ್ಷ.
ಮುಚ್ಚಿದ ಮೇಲೆ ಕಾಲಿಟ್ಟವಳಲ್ಲ:
"ಆಗ ಒಳಗೆ ಹೋಗೋಕೆ ನನಗೆ ಸಂಬಳ ಕೊಡ್ತಿದ್ರು,
ಈಗ ನಾನು ಕೊಡಬೇಕಾ, ಹತ್ತು ಝ್ಲೋಟಿ?"

ಸಾಲು ಮಗ್ಗಗಳು. ಎಣ್ಣೆ ನಾತವಿಲ್ಲ, ನೆಲ ಹೊಳೆಯುತ್ತಿದೆ.
ಮುಟ್ಟಬಾರದು ಎಂಬ ಫಲಕ ಓದಿ
ಶಾಲೆ ಹುಡುಗಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡಳು.
ಗೈಡು ಹೇಳಿದ: ಇಸವಿ, ಮಾಲೀಕ, ಅಶ್ವಶಕ್ತಿ.
ಹೇಳಿ, ಒಂದೇ ಒಂದು ಮಗ್ಗದ ಗುಂಡಿ ಒತ್ತಿದ.

ಸದ್ದು ಅಂದರೆ ಸದ್ದು!
ಲಾಳಿ ಅತ್ತ ಬಡಿದು ಇತ್ತ ಬಡಿದು
ಹಾಸಿನೊಳಗೆ ಹೊಕ್ಕನ್ನು ಹೊಡೆಯುತ್ತ,
ಕಿಟಕಿಯ ಗಾಜು ಹಲ್ಲು ಕಡಿಯಿತು.
ಮಕ್ಕಳು, ಅಪ್ಪಂದಿರು, ಗೈಡು ಸಹ ಕಿವಿ ಮುಚ್ಚಿಕೊಂಡರು.
ಗೆನೊವೇಫಾ ಮುಚ್ಚಲಿಲ್ಲ.
ಅವಳ ತುಟಿ ಆಡತೊಡಗಿತು,
ಬಾಯಿ ತುಂಬ, ಒಂದೊಂದಕ್ಷರ ಅಗಿದು.
ಆ ತುದಿಯಲ್ಲಿ ಹಸಿರು ಸ್ಕಾರ್ಫಿನ, ಕೆಂಪು ಬಳಿದ ತುಟಿಯ
ಇನ್ನೊಬ್ಬ ಮುದುಕಿ
ಕತ್ತೆತ್ತಿ ತುಟಿಯಲ್ಲೇ ಉತ್ತರ ಕೊಟ್ಟಳು.
ಮಗ್ಗ ನಡೆವಷ್ಟು ಹೊತ್ತು ನಡೆಯಿತು
ನಲವತ್ತು ಜನರ ತಲೆಯ ಮೇಲೆ
ನಮಗ್ಯಾರಿಗೂ ಕೇಳದ ಹರಟೆ.
ಏನೋ ಒಂದಕ್ಕೆ ಇಬ್ಬರೂ ನಕ್ಕರು.
ಲಾಳಿ ನಿಂತಿತು.
ಇಬ್ಬರೂ ಬಾಯಿ ಮುಚ್ಚಿ ಅಪರಿಚಿತರಾದರು.

ವಾಪಸು ಬರುವಾಗಿನ ಟ್ರಾಮು ಸೆವೆರಿನನದು,
ರಜೆಯಲ್ಲೂ ಟ್ರಾಮೇನಾ, ಅಂತ ಗಂಟೆ ಬಾರಿಸಿ ಅಣಕಿಸಿದ.
ಅವಳು ಯಾರು, ಅಂದೆ.
ಅಜ್ಜಿ ನನ್ನ ತುಟಿಯನ್ನೇ ನೋಡಿದಳು.
ಯಾವಾಗಲೂ ಅಲ್ಲಿಗೇ ನೋಡುತ್ತಾಳೆ;
ಇಷ್ಟು ವರ್ಷ ನನಗದು ಹೊಳೆದಿರಲಿಲ್ಲ.
"ಯಾರಿಗ್ಗೊತ್ತು. ಆ ಮಗ್ಗ ನೂಲು ಕಡಿಯತ್ತೆ, ಹುಷಾರು ಅಂದಳು.
ಗೊತ್ತು ಅಂದೆ.
ಮುದ್ರೆ ಎಷ್ಟಾಯ್ತು ಅಂದಳು. ಮೂರು ಅಂದೆ.
ನನ್ನದು ಆರೂ ಆಯ್ತು ಅಂದಳು."

ಮುಂದಿನ ನಿಲ್ದಾಣ, ಅಂದಿತು ಪೆಟ್ಟಿಗೆ.
ಅಜ್ಜಿ ಕೈಚೀಲ ತೆರೆದಳು.
ಕಾಗದದಲ್ಲಿ ಸುತ್ತಿದ ಅರ್ಧ ಪೊಂಚೆಕ್,
ಕಚ್ಚಿದ ಅಂಚಿನಲ್ಲಿ ಕೆಂಪು.