ತೇಲುಗುಂಡು

ಬ್ಯಾಡಗಿ ದಾಟಿ ಮೋಟೆಬೆನ್ನೂರ ದಾರಿಗೆ ನಮ್ಮ ಫ್ಯಾಕ್ಟರಿ.
ಮೆಣಸಿನಕಾಯಿಯ ಬಣ್ಣ ಹಿಂಡಿ
ಡ್ರಮ್ಮಿಗೆ ತುಂಬೂ ಕೆಲಸ.
ರಸ ಅನ್ನೂದು ಬರೇ ಮಾತಿಗೆ,
ಹರಿಯೂಕಿಂತ ಮೊದಲ ಅದು ವಿಚಾರ ಮಾಡತೈತಿ.
ಜನವರಿ ಥಂಡಿಗೆ ಮೂರನೇ ಟಾಕಿಯೊಳಗ
ಕುಂತಲ್ಲೇ ಕುಂತಿರತೈತಿ
ಸಿಟ್ಟಾದ ಮಾವನಂಗ.

ಅದರೊಳಗೊಂದು ತೇಲುಗುಂಡು.
ಸ್ಟೀಲಿನ ಗುಂಡು, ಉದ್ದನ್ನ ಕಡ್ಡಿ.
ರಸ ಏರಿದರ ಏರಬೇಕು, ಇಳಿದರ ಇಳೀಬೇಕು,
ಮ್ಯಾಗಿನ ಡಬ್ಬಿಯೊಳಗ ಸ್ವಿಚ್ಚು ಟಕ್ ಅನಬೇಕು.
ಅಷ್ಟೇ ಅದರ ನೌಕರಿ.
ಅದು ನೌಕರಿ ಮಾಡತೈತೋ ಇಲ್ಲೋ ನೋಡೂದು ನನ್ನ ನೌಕರಿ,
ಕಸ್ತೂರಿ ಬಡಿಗೇರ, ರಾಣೆಬೆನ್ನೂರ ಐಟಿಐ.

ಆ ರಾತ್ರಿ ಅದು ಮಾಡಲಿಲ್ಲ.
ಗುಂಡಿನ ಮೈಗೆ ದಿನಾ ಒಂದು ಪದರ,
ಕೂದಲೆಳಿಯಷ್ಟು, ಮತ್ತೊಂದು ಕೂದಲೆಳಿಯಷ್ಟು,
ಕಡ್ಡಿಗೆ ಕಚ್ಚಿಕೊಂಡು
ತಳದಾಗ ಕುಂತು "ಖಾಲಿ, ಖಾಲಿ" ಅಂತಿತ್ತು.
ಪಂಪು ನಂಬಿತು. ಪಂಪಿಗೇನು ಗೊತ್ತು.
ಎರಡೂವರಿಗೆ ಮುಚ್ಚಳದ ಸಂದ್ಯಾಗಿಂದ
ಕೆಂಪಗ, ಸಾವಕಾಶ, ಸಪ್ಪಳಿಲ್ಲದ
ಇಳಕೊಂತ ಬಂತು.
ಮೊದಲ ಗೇಟಿನ ವಾಚಮನ್ ಸೀನಿದ,
ಆಮ್ಯಾಲೆ ನಾಯಿ ಸೀನಿತು,
ಆಮ್ಯಾಲೆ ಇಡೀ ಪಾಳಿ.

ಬೆಳಿಗ್ಗೆ ಮ್ಯಾನೇಜರ ಪಟ್ಟಣಶೆಟ್ಟರು
ಕಣ್ಣೊರಸಿಕೊಂತ ಕೇಳಿದರು:
"ಸುಳ್ಳು ಹೇಳಿದವರು ಯಾರು?"
ಗುಂಡು ಬಿಚ್ಚಿ ಮೇಜಿನ ಮ್ಯಾಗ ಇಟ್ಟೆ.
ಬೆಲ್ಲದ ಪಾಕದಾಗ ಅದ್ದಿದ ಕೂಸಿನ ಮುಷ್ಟಿ ಇದ್ದಂಗಿತ್ತು.
ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲರಿ, ಅಂದೆ.
ನಾವು ಅದನ್ನ ಅಂಟಿನೊಳಗ ಬಿಟ್ಟು
ಖರೆ ಹೇಳು ಅಂದ್ವಿ.

ನೀರಿಗೆ ಹೋಗೂ ಜಿಗಟಲ್ಲ, ಕುದಿನೀರಿಗೂ ನಗತೈತಿ.
ಬೆಚ್ಚನ ಎಣ್ಣಿ ಹಚ್ಚಿ, ಹಳೇ ಬನೀನಿನ ಅರಿವಿಲೆ
ಒಂದು ತಾಸು ತಿಕ್ಕಿದೆ.
ತಿಕ್ಕುವಾಗ ಅವ್ವ ನೆನಪಾದಳು,
ಅಕ್ಕನ ಬಾಣಂತನಕ್ಕ ಅಂಟಿನುಂಡಿ ಕಟ್ಟೂ ದಿನ:
ಪಾಕ ಮುಟ್ಟೂ ಮೊದಲ ಅಂಗೈಗೆ ತುಪ್ಪ.
"ಹತ್ತಿದ ಮ್ಯಾಲೆ ಏನು ತೊಳೀತಿ, ಹತ್ತದಂಗ ನೋಡು."
ಹುಬ್ಬಳ್ಳಿ ಗೋಕುಲ ರೋಡಿಗೆ ಹೋಗಿ
ಗುಂಡಿಗೆ ಟೆಫ್ಲಾನಿನ ಅಂಗಿ ತೊಡಿಸಿಕೊಂಡು ಬಂದೆ.
ಟಾಕಿ ಸುತ್ತ ಬಿಸಿನೀರಿನ ಕೊಳವಿ ಸುತ್ತಿಸಿದೆ,
ರಸದ ಮೈ ಸಡಿಲಾಗೂವಷ್ಟು.

ನಾಕು ತಿಂಗಳು ನಡೀತು.
ಐದನೇದಕ್ಕ ಮತ್ತ ತಡವರಿಸಿತು.

ಆಗ ತರಿಸಿದ್ದು ಈ ರಾಡಾರು.
ಟಾಕಿಯ ನೆತ್ತಿ ಮ್ಯಾಗ ಕುಂದರತೈತಿ,
ರಸದೊಳಗ ಇಳಿಯೂದೇ ಇಲ್ಲ.
ಮ್ಯಾಲಿಂದ ಒಂದು ಅಲೆ ಕಳಸತೈತಿ,
ಅದು ತಿರುಗಿ ಬಂದ ಹೊತ್ತು ಎಣಸತೈತಿ,
ಎಷ್ಟು ಆಳ ಅಂತ ಹೇಳತೈತಿ.
ಹಜರತಸಾಬ ಚಾಚಾ, ಮೂವತ್ತು ವರ್ಷ
ಕಬ್ಬಿಣದ ಸರಳು ಇಳಿಬಿಟ್ಟು ಅಳದಾತ,
ಕತ್ತೆತ್ತಿ ನೋಡಿ ಅಂದ:
"ಮುಟ್ಟಲಾರದ ಏನು ತಿಳೀತೈತಿ ಬೇ?"
ನನಗೂ ಪೂರಾ ನಂಬಿಕಿಲ್ಲ.
ಆವಿ ಏರಿ ಅದರ ಕಣ್ಣಿಗೂ ಪೊರೆ ಕಟ್ಟತೈತಿ,
ತಾಸಿಗೊಮ್ಮೆ ಉಫ್ ಅಂತ ಗಾಳಿ ಊದೂ ನಳಿಗಿ ಇಟ್ಟೇನಿ.
ಶುಕ್ರವಾರ ನಮಾಜಿಗೆ ಹೋಗೂ ಮೊದಲ
ಚಾಚಾ ಸರಳು ಇಳಿಬಿಡತಾನ,
ವಹಿಯೊಳಗ ಎರಡೂ ಬರೀತೀನಿ.
ಎರಡು ಬೆರಳಿನ ಫರಕು.
ಯಾರದು ಖರೆ ಅಂತ ಪಟ್ಟಣಶೆಟ್ಟರು ಇನ್ನೂ ಕೇಳಿಲ್ಲ.

ಪಾಳಿ ಮುಗಿಸಿ ಮನಿ ಮುಟ್ಟೂದ್ರಾಗ ಏಳೂವರಿ.
ಸಾಬೂನು, ಕಡ್ಲಿಹಿಟ್ಟು, ಎಣ್ಣಿ, ಮತ್ತ ಸಾಬೂನು.
ಬೆರಳಸಂದಿಯ ಖಾರ ಹೋಗೂದಿಲ್ಲ.
ಮಗಳಿಗೆ ನಿನ್ನಿಯಿಂದ ಜ್ವರ.
ಹಣಿ ಮುಟ್ಟೂಹಂಗಿಲ್ಲ,
ಹಿಂದೊಮ್ಮೆ ಮುಟ್ಟಿದ್ದೆ, ಕಣ್ಣುರಿದು ಓಣಿ ಕೂಡಿಸಿದ್ದಳು.
ಕೈ ಬೆನ್ನಿಗೆ ಕಟ್ಟಿಕೊಂಡು ಬಾಗತೀನಿ,
ನನ್ನ ಗಲ್ಲ, ಅವಳ ಮೂಗು, ನಡುವ ನಾಕು ಬೆರಳು.
ಉಸಿರು ಬಂದು ಬಡೀತೈತಿ.
ಎಣಸತೀನಿ.
ಇಳದೈತಿ ಅನಸತೈತಿ.
ಗಂಡನ್ನ ಎಬ್ಬಸತೀನಿ:
"ಒಂಚೂರು ನೀವು ಮುಟ್ಟಿ ನೋಡ್ರಿ."