ಬೀಗರ ಪತ್ರ

ಭಾಂಡುಪಿನ ಒಂದೂವರೆ ಕೋಣೆಯಲ್ಲಿ ಕೂತು
ಕನ್ನಡ ಲಗ್ನಪತ್ರಿಕೆ ಜೋಡಿಸುವವಳು ನಾನು.
ಹದಿನೇಳು ವರ್ಷ. ಮೀರಾರೋಡಿನಿಂದ ಕಲ್ಯಾಣದ ತನಕ
ಪೂಂಜ, ಕರ್ಕೇರ, ಕೋಟ್ಯಾನ್, ಪುತ್ರನ್ ಮನೆಗಳ
ಗಂಡುಹೆಣ್ಣು ಕೂಡಿದ್ದು ಮೊದಲು ನನ್ನ ಪರದೆಯ ಮೇಲೆ,
ಮಂಟಪ ಆಮೇಲಿನ ಮಾತು.

ಮಂಗಳವಾರ ಹಾಲು ಕಾಯಲಿಟ್ಟು ಗುಂಡಿ ಒತ್ತಿದರೆ
ಫೈಲುಗಳೆಲ್ಲ ಇದ್ದವು, ಹೆಸರಿಗೆ ಬಾಲ ಹಚ್ಚಿಕೊಂಡು,
ಯಾವ ಭಾಷೆಗೂ ಸೇರದ ಐದಕ್ಷರದ ಬಾಲ.
ತೆರೆದರೆ ಒಳಗೆ ಬರೀ ಕಲಬೆರಕೆ,
ಹಳೆ ಪ್ರೆಸ್ಸಿನಲ್ಲಿ ಯಾರೋ ಅಚ್ಚುಮೊಳೆಯ ಪೆಟ್ಟಿಗೆಯನ್ನು
ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ.
ಹಾಲು ಉಕ್ಕಿತು.

ಬೀಗ ಜಡಿದವರು ಬೀಗರಂತೆಯೇ ಪತ್ರ ಇಟ್ಟಿದ್ದರು.
ಮೊದಲ ಸಾಲಲ್ಲೇ ಕ್ಷೇಮಸಮಾಚಾರ:
ಗಾಬರಿ ಬೇಡ, ನಿಮ್ಮ ಫೈಲುಗಳು ನಮ್ಮಲ್ಲಿ ಸುಖವಾಗಿವೆ.
ಎಪ್ಪತ್ತೆರಡು ಗಂಟೆಯೊಳಗೆ ಕೊಟ್ಟರೆ ಅರ್ಧ,
ಮುಹೂರ್ತ ಮೀರಿದರೆ ಪೂರ್ತಿ.
ನಂಬಿಕೆಗೆ ಒಂದು ಫೈಲು ಪುಕ್ಕಟೆ ಬಿಡಿಸಿಕೊಡುತ್ತೇವೆ.
ನಾನೂ ಗಿರಾಕಿಗೆ ಹೇಳುವುದು ಇದನ್ನೇ: ಮೊದಲ ಪ್ರೂಫು ಪುಕ್ಕಟೆ.
'ಆಶೀರ್ವಾದವೇ ಉಡುಗೊರೆ'
ಎಂದು ಕೆಳಗೆ ಹಾಕುವುದೊಂದು ಮರೆತಿದ್ದರು.

ಎದುರುಮನೆಯ ಓಂಕಾರ ಘಾಡಿ ಹಲ್ಲುಜ್ಜುತ್ತಲೇ ಬಂದ.
ಮೊದಲು ನೆಟ್ಟಿನ ತಂತಿ ಕೀಳಿ, ಮಾವ್ಶಿ.
ಆ ಡಿಸ್ಕು ರಾತ್ರಿಯೆಲ್ಲ ಚುಚ್ಚಿಯೇ ಇತ್ತಾ? ಹಾಗಾದರೆ ಅದೂ ಹೋಯಿತು.
ಏನೂ ಅಳಿಸಬೇಡಿ. ಪತ್ರದ ಫೋಟೊ ತೆಗೆದಿಡಿ.
ದುಡ್ಡು ಕೊಟ್ಟರೆ ಕೀಲಿ ಬರುತ್ತದೆಂದು
ಯಾವ ದೇವರು ಆಣೆ ಇಟ್ಟಿದ್ದಾನೆ?
ನೊರೆ ಉಗುಳಿ ಬಂದು ಮತ್ತೆ ಕೇಳಿದ:
ಈಚೆಗೆ ಏನಾದರೂ ಇಳಿಸಿಕೊಂಡಿರಾ?

ಇಳಿಸಿಕೊಂಡಿದ್ದೆ. ಭಾನುವಾರ ರಾತ್ರಿ.
ಸಾಫ್ಟ್‌ವೇರಿಗೆ ವರ್ಷದ ಬಾಡಿಗೆ ಕಟ್ಟಲು ಮನಸ್ಸಾಗದೆ
ಒಂದು ಕಳ್ಳ ಕೀಲಿ.
ಆಂಟಿವೈರಸ್ಸನ್ನು ಹತ್ತು ನಿಮಿಷ ಮಲಗಿಸಿ, ಎಂದಿತ್ತು ಸೂಚನೆ.
ಮಲಗಿಸಿದೆ; ಜೋಗುಳ ಹಾಡಲಿಲ್ಲ, ಅಷ್ಟೆ.
ಅವರಿವರ ಬೀಗಕ್ಕೆ ನಾನು ಕದ್ದ ಕೈ,
ನನ್ನ ಬೀಗಕ್ಕೆ ಈಗ ಯಾರೋ ಮಾರುವ ಕೈ.
ಏನೂ ಇಲ್ಲಪ್ಪ, ಎಂದೆ.
ಓಂಕಾರ ಪರದೆಯನ್ನೇ ನೋಡಿದ, ನನ್ನ ಮುಖ ನೋಡಲಿಲ್ಲ.
ಒಳ್ಳೆಯ ಹುಡುಗ.

ಬುಧವಾರ ಸಿಪಿಯುವನ್ನು ಹಳೆ ಸೀರೆಯಲ್ಲಿ ಸುತ್ತಿ
ಹೆಂಗಸರ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ.
ಗಣಪತಿಯಾ ಬಾಯಿ? ಎಂದು ಕೇಳಿದವಳು
ಕಾಲು ಸೋಕಬಾರದೆಂದು ಸರಿದು ಕೂತಳು.
ಲ್ಯಾಮಿಂಗ್ಟನ್ ರೋಡಿನ ಮೂರನೆ ಮಾಳಿಗೆಯವ
ಅವರೊಡನೆ ಮಾತಾಡಿ ಕಮ್ಮಿ ಮಾಡಿಸುತ್ತಾನಂತೆ, ಹತ್ತು ಪರ್ಸೆಂಟಿಗೆ.
ಸಂಬಂಧ ಕುದುರಿಸುವ ದಲ್ಲಾಳಿಯ ದನಿ ನನಗೆ ಗೊತ್ತು.
ಎದ್ದು ಬಂದೆ.

ಠಾಣೆಯಲ್ಲಿ, ಕಳವಾದ ಮಾಲೇನು? ಎಂದರು.
ಕಳವಾಗಿಲ್ಲ, ಎಲ್ಲ ಮನೆಯಲ್ಲೇ ಇದೆ.
ಮತ್ತೆ?

ಬೀಗ ಬಿದ್ದ ಫೈಲುಗಳನ್ನು ಬೇರೊಂದು ಡಿಸ್ಕಿಗೆ ತುಂಬಿ,
ಇಂದಲ್ಲ ನಾಳೆ ಯಾರಾದರೂ ಕೀಲಿ ಕಂಡುಹಿಡಿದಾರು, ಎನ್ನುತ್ತ
ಓಂಕಾರ ಗಣಕವನ್ನು ತೊಳೆದ ಪಾತ್ರೆ ಮಾಡಿಕೊಟ್ಟ.
ನಾನು ಒಬ್ಬೊಬ್ಬರಿಗೇ ಫೋನು ಹಚ್ಚಿದೆ:
ನಿಮ್ಮ ಕಾರ್ಡು ಇದೆಯೆ, ಒಂದು ಫೋಟೊ ಕಳಿಸುತ್ತೀರಾ?
ಟ್ರಂಕಿನ ತಳದಿಂದ, ಆಲ್ಬಮ್ಮಿನ ಸಂದಿಯಿಂದ
ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಮದುವೆಗಳು ಬಂದವು.
ಗಿರಿಜಾ ಕರ್ಕೇರಳ ಮುಹೂರ್ತದ ಬೆನ್ನಿಗೆ ಇಸ್ತ್ರಿಯವನ ಲೆಕ್ಕ.
ಜಯಕರ ಪೂಂಜರ ಮಗಳು ಮಾತ್ರ,
ನನ್ನದು ಅಲ್ಲೇ ಇರಲಿ ಆಂಟಿ, ಎಂದಳು.

ಇನ್ನೊಂದಕ್ಕೆ ಕಾಗದವೇ ಇಲ್ಲ.
ನನ್ನ ತಂಗಿ ಸುಲತಳದು. ಪ್ರೂಫಿಗೇ ನಿಂತದ್ದು.
ವರನ ಹೆಸರು ಎರಡು ಸಲ ತಿದ್ದಿ, ಹಿತ್ತಾಳೆಯ ಬಣ್ಣ ಆರಿಸಿ,
ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ನಾನು ಅಳಿಸಲೂ ಇಲ್ಲ.

ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು,
ಅವಳ ಕಡೆ ಯಾವುದೋ ಫಾಸ್ಟ್ ಲೋಕಲು ಹಾದುಹೋಯಿತು.
ಆ ಗಡುವು, ಅಕ್ಕಾ,
ಮುಗಿದೇ ಹೋಯಿತಾ?