ಏಳು ಸಲ ತೆರೆದ ಬಾಯಿ

ಅಜ್ಜಿಯ ಬೀರುವಿನೊಳಗೆ ಮೂರು ಉಣ್ಣೆ ಕೋಟು,
ಒಂದು ಮೈಕು, ಮತ್ತು ರೋನಾ.
ಬಾಗಿಲು ಮುಚ್ಚಿಕೊಂಡರೆ
ಇನ್ವರ್‌ಕಾರ್ಗಿಲ್‌ನ ಗಾಳಿ,
ದಕ್ಷಿಣ ಧ್ರುವದಿಂದ ನೇರ ಬಂದದ್ದು, ನಡುವೆ ಯಾರೂ ತಡೆಯದ್ದು,
ಮಾಡಿನ ತಗಡು ಬಡಿಯುವುದು ಅಷ್ಟಾಗಿ ಕೇಳಿಸದು.
"ಶುರು" ಎನ್ನುತ್ತೇನೆ.
ನುಸಿಗುಳಿಗೆಯ ವಾಸನೆಗೆ
ಹದಿನಾರು ವರ್ಷದ ಖಡ್ಗಧಾರಿಣಿ ಸೀನುತ್ತಾಳೆ.
ಅದನ್ನೂ ಇಟ್ಟುಕೊಂಡೆವು.

ನನ್ನ ಕೆಲಸ ಬಾಯಿ ಎಣಿಸುವುದು.
ಟೋಕಿಯೋದಲ್ಲಿ ಯಾರೋ ಬಿಡಿಸಿದ ಬಾಯಿ
ಏಳು ಸಲ ತೆರೆದು, ಎಂಟನೆಯದಕ್ಕೆ ಅರ್ಧದಲ್ಲೇ ನಿಲ್ಲುತ್ತದೆ.
ಏನಂದಿತೋ ತಿಳಿಯದು.
ಜಪಾನಿಯಲ್ಲಿ ನನಗೆ ಬರುವುದು ಐದೇ ಮಾತು,
ಐದೂ ತಿನ್ನುವ ಪದಾರ್ಥ.
ಹಾಗಾಗಿ ಬೆರಳು ಮಡಿಚಿ, ಗುರುವೋ ಲಘುವೋ ನೋಡಿ,
ಲೋಕವನ್ನೇ ಸುಡುವೆನೆಂದು ಆತ ಶಪಿಸಿರಬಹುದಾದ ಕಡೆ
"ಯಾರು ತಿಂದ್ರು ಚೀಸ್ ರೋಲ್ನ" ಎಂದು ಹೊಂದಿಸಿದೆ.
ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು.
ಅರ್ಧ ತೆರೆದ ಬಾಯಿಗೆ ಒಂದು ಬಿಕ್ಕಳಿಕೆ.

ಚಟ ಹತ್ತಿಬಿಟ್ಟಿದೆ. ಬಸ್ಸಿನ ಗಾಜಿನಾಚೆ
ಬ್ಯಾಂಕಿನ ಮೆಟ್ಟಿಲ ಮೇಲೆ ಗಂಡ ಹೆಂಡತಿ ಜಗಳವಾಡುತ್ತಿದ್ದರೆ
ನಾನು ಇಬ್ಬರಿಗೂ ಮಾತು ಹಂಚುತ್ತೇನೆ,
ಅವಳು ಕಪ್ಪೆಚಿಪ್ಪಿನ ಬೆಲೆ ಕೇಳುತ್ತಾಳೆ, ಅವನು ಗ್ರಹವೊಂದನ್ನು ಅಡವಿಡುತ್ತಾನೆ.
ಬಸ್ಸು ಹೊರಡುವಾಗ ರಾಜಿಯಾಗಿರುತ್ತದೆ, ನನ್ನ ಲೆಕ್ಕದಲ್ಲಿ.

ಅಸುರರಾಜನ ಪಾತ್ರ ಇಯೋಸೆಫೊನದು.
ರಾತ್ರಿಯೆಲ್ಲ ಕುರಿಮಾಂಸದ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತಿ
ಬೆಳಗ್ಗೆ ಬರುತ್ತಾನೆ. ಕಣ್ಣು ಕೆಂಪು,
ಗಂಟಲು ಸರಿಯಾದ ಹದಕ್ಕೆ.
ಪಾತ್ರಕ್ಕೆಂದೇ ನಮ್ಮ ಸೀಮೆಯ ಮುದುಕರ ರಕಾರ ಕಲಿತ,
ನಾಲಿಗೆ ಬಿಟ್ಟು ಇಳಿಯಲೊಲ್ಲದೆ ಉರುಳುವ ರಕಾರ,
ದೇಶದ ಉಳಿದವರೆಲ್ಲ ಅಣಕಿಸಿ ನಗುವುದು.
"ದರ್ರ್ರಿದ್ರ ಮಾನವರ್ರ್ರೇ" ಎಂದು ಗುಡುಗಿದರೆ
ಹ್ಯಾಂಗರುಗಳು ಕಿಣಿಕಿಣಿ ಅನ್ನುತ್ತವೆ.
ಕಿರೀಟದ ಸದ್ದಿರಲಿ, ಅಂದ ಲಾಕ್ಲನ್.

ಹಿಮದ ಹೆಜ್ಜೆಗೆ ಜೋಳದ ಹಿಟ್ಟಿನ ಚೀಲ ಹಿಸುಕಿದೆವು.
ಕತ್ತಿಗೆ ಕತ್ತಿ ತಾಗಲು ಸೌಟು, ಕೇಕಿನ ತಟ್ಟೆ.
ಎಲುಬು ಮುರಿಯಲು ಸೆಲರಿಯ ಕಟ್ಟು;
ಆ ಎಲುಬುಗಳನ್ನೆಲ್ಲ ಲಾಕ್ಲನ್ ಆಮೇಲೆ
ಕಡಲೆಬೀಜದ ಬೆಣ್ಣೆ ಸವರಿಕೊಂಡು ತಿಂದ.
ಮುತ್ತಿನ ಸದ್ದಿಗೆ ಮಾತ್ರ ಯಾರೂ ಮುಂದೆ ಬರಲಿಲ್ಲ.
ಚಹಾ ತಂದ ಅಜ್ಜಿ ತಟ್ಟೆ ಕೆಳಗಿಟ್ಟು
ತಮ್ಮ ಮುಂಗೈಗೆ ತಾವೇ ಒಂದು ಕೊಟ್ಟುಕೊಂಡರು:
"ಸಾಕಾ? ಅವರು ಹೋದಮೇಲೆ ಮೊದಲನೇದು."
ನಾವು ಮೂವರೂ ನೆಲ ನೋಡಿದೆವು.
ಒಂದೇ ಟೇಕು.

ಕೊನೆಯ ಕಂತು. ಅಸುರರಾಜ ಬೀಳಬೇಕು.
ಹನ್ನೊಂದು ಬಾಯಿ, ನಡುವೆ ಒಂದು ಉಸಿರು.
ನಾನು ಬರೆದದ್ದು ತಪ್ಪಿಹೋದ ಬಸ್ಸಿನ ಬಗ್ಗೆ ಏನೋ ತಮಾಷೆ,
ಓದುವಾಗಲೇ ನಕ್ಕಿದ್ದೆವು.
ಇಯೋಸೆಫೊ ಬೀರುವಿನೊಳಗೆ ಹೋದ,
ಹಾಳೆಯನ್ನು ಹೊರಗೇ ಬಿಟ್ಟ.
ರಕಾರ ಉರುಳಲಿಲ್ಲ.
ಭಾನುವಾರಗಳಲ್ಲಿ ಆಪಿಯಾಕ್ಕೆ ಫೋನು ಮಾಡುವಾಗಿನ ದನಿ,
ಸಮೋವನ್ ಮಾತು, ಮೆಲ್ಲಗೆ,
ಎಣಿಸದೆಯೇ ಹನ್ನೊಂದು ಬಾಯಿಗೆ ಹನ್ನೊಂದು,
ಉಸಿರಿನ ಜಾಗದಲ್ಲಿ ಉಸಿರು.

ಹೊರಬಂದವನನ್ನು ಕೇಳಿದೆ, ಏನೋ ಅದು?
"ತಿನ್ನುವ ಪದಾರ್ಥ" ಅಂದ,
ಕೋಟುಗಳ ಮೇಲೆಯೇ ಒರಗಿ ನಿದ್ದೆಹೋದ.
ರೋನಾ ಹೆಡ್‌ಫೋನು ತೆಗೆಯದೆ ಬೈದಳು,
ಕೆಟಲು ಆರಿಸಿರಲಿಲ್ಲ ಯಾರೂ, ಸಿಳ್ಳೆ ಒಳಗೆ ಬಂದಿದೆ,
ಎಬ್ಬಿಸಿ, ಮತ್ತೊಮ್ಮೆ ಹೇಳಿಸಬೇಕು.

ಎಬ್ಬಿಸಲಿಲ್ಲ.
ನೋಡಿದವರು ನಲವತ್ತೊಂದು ಜನ, ನಾವೂ ಸೇರಿ.
ಈಗಲೂ ಅಸುರರಾಜ ಸಾಯುವಾಗ
ಪಕ್ಕದ ಕೋಣೆಯಲ್ಲೆಲ್ಲೋ ನೀರು ಕುದಿಯುತ್ತಿರುತ್ತದೆ.